ಸ್ಕೇರ್ಡಮಿನ ಐಸ್ ಮೇಸ್ತ್ರಿ

ಬುಧವಾರ ಬೆಳಿಗ್ಗೆ ಸನ್ಯಾಸಿ ಸೇತುವೆಯ ಪಕ್ಕ ಹಿಸ್ಕೆ ಡೈಕ್ಸ್ಮ ಮೊಣಕಾಲೂರಿ ಕುಳಿತು, ಹೆಪ್ಪುಗಟ್ಟಿದ ಕಾಲುವೆಗೆ ಕೈಬೈರಿಗೆ ತಿರುಗಿಸುತ್ತಿದ್ದಳು. ಬಿಳಿ ಪುಡಿ ಸುರುಳಿಯಾಗಿ ಮೇಲೆ ಬರುತ್ತಿತ್ತು. ಬೈರಿಗೆ ಒಮ್ಮೆ ಸರಕ್ಕನೆ ಕೆಳಕ್ಕೆ ಜಾರಿತು. ತೂತಿನಿಂದ ನೀರು ಬುಳಬುಳನೆ ಉಕ್ಕಿ, ಅಂಚಿಗಿಂತ ಬೆರಳಗಲ ಕೆಳಗೆ ಬಂದು ನಿಂತಿತು. ಅವಳು ಮೊದಲು ನೋಡಿದ್ದು ಅದನ್ನೇ. ಆಮೇಲೆ ತುದಿಯಲ್ಲಿ ಕೊಕ್ಕೆಯಿದ್ದ ಅಳತೆಕೋಲು ಇಳಿಸಿ ದಪ್ಪ ನೋಡಿದಳು.

"ಎಷ್ಟು?" ಸೇತುವೆಯ ಮೇಲಿಂದ ಲೋಲ್ಕೆ ಕೂಗಿದ. ಬೇಕರಿಯ ಬಿಳಿ ಅಂಗಿಯ ಮೇಲೇ ಕೋಟು ಹಾಕಿಕೊಂಡು ಬಂದಿದ್ದ. ಊರಿನ ಸ್ಕೇಟಿಂಗ್ ಸಂಘಕ್ಕೆ ಅವನೇ ಅಧ್ಯಕ್ಷ.

"ಹದಿಮೂರು ಸೆಂಟಿಮೀಟರ್."

"ಇನ್ನೊಂದ್ ಕಡೆ ಹೊಡಿ, ಹದಿನೈದು ಬಂದ್ರೂ ಬರ್ಬೋದು."

"ಐಸು ನಿನ್ನ ಬ್ರೆಡ್ಡಲ್ಲ ಲೋಲ್ಕೆ, ಒಲೆ ಪಕ್ಕ ಇಟ್ರೆ ಉಬ್ಬೋಕೆ."

"ಹನ್ನೆರಡಿದ್ರೆ ಸಾಕು ತಾನೆ? ಹಾಗಾದ್ರೆ ಈಗ್ಲೇ ಹೂಂ ಅಂದ್ಬಿಡು. ಜನ ಫೋನ್ ಮಾಡಿ ಮಾಡಿ ತಲೆ ತಿಂತಿದಾರೆ."

"ಸಾಯಂಕಾಲ ನಾಲ್ಕಕ್ಕೆ," ಅಂದಳು ಹಿಸ್ಕೆ. "ಯಾವತ್ತಿಂದ್ಲೂ ನಾಲ್ಕಕ್ಕೇ ಹೇಳೋದು."

ಅವಳು ಹೂಂ ಅನ್ನಬೇಕಾಗಿದ್ದುದು ಐದು ಗೋಪುರಗಳ ಸುತ್ತಿಗೆ. ಸ್ಕೇರ್ಡಮಿನಿಂದ ಹೊರಟು, ಕಾಲುವೆಗಳ ಮೇಲೆ ಸ್ಕೇಟಿನಲ್ಲಿ ಜಾರುತ್ತ, ಐದು ಹಳ್ಳಿಗಳ ಚರ್ಚು ಗೋಪುರಗಳ ಬುಡಕ್ಕೆ ಹೋಗಿ ಕಾರ್ಡಿಗೆ ಮುದ್ರೆ ಒತ್ತಿಸಿಕೊಂಡು, ಕತ್ತಲಾಗುವುದರೊಳಗೆ ಮರಳುವ ಸುತ್ತು. ಗೆದ್ದವರಿಗೆ ಬಹುಮಾನವಿಲ್ಲ. ಮುಗಿಸಿದವರಿಗೆಲ್ಲ ಉಗುರಿನಷ್ಟು ದೊಡ್ಡ ಒಂದು ಪದಕ. ಫ್ರೀಸ್‌ಲಾಂಡ್ ಪ್ರಾಂತ್ಯದ ಈ ಮೂಲೆಯಲ್ಲಿ ಆ ಪದಕವನ್ನು ಮದುವೆ ಫೋಟೋದ ಪಕ್ಕದಲ್ಲಿ ತೂಗುಹಾಕುತ್ತಾರೆ. ಕೆಲವರ ಮನೆಯಲ್ಲಿ ಫೋಟೋಕ್ಕಿಂತ ಮೇಲೆ. ಕೊನೆಯ ಸುತ್ತು ನಡೆದು ಹನ್ನೆರಡು ಚಳಿಗಾಲ ಕಳೆದಿತ್ತು. ಸುತ್ತನ್ನೇ ನೋಡದ ಮಕ್ಕಳು ಊರಲ್ಲಿ ಪ್ರಾಥಮಿಕ ಶಾಲೆ ಮುಗಿಸುವ ಹಂತಕ್ಕೆ ಬಂದಿದ್ದರು.

ಹಿಸ್ಕೆಯ ಕಸುಬು ಹಾಯಿ ಹೊಲಿಯುವುದು. ಬೇಸಗೆಯಲ್ಲಿ ಕೆರೆಯ ಮೇಲೆ ಓಡಾಡಿ ಹರಿದ ದೋಣಿಗಳ ಹಾಯಿಗಳು ಚಳಿಗಾಲದಲ್ಲಿ ಅವಳ ಅಟ್ಟಕ್ಕೆ ಬರುತ್ತವೆ. ಎರಡು ಕೈಯ ಹೆಬ್ಬೆರಳೂ ಸೂಜಿಯೊತ್ತಿ ಗೊರಸಿನ ಹಾಗಾಗಿವೆ. ಐಸು ಜನರ ಭಾರ ತಡೆಯುತ್ತದೆಯೇ ಎಂದು ನೋಡಿ ಹೇಳುವ ಐಸ್ ಮೇಸ್ತ್ರಿಯ ಹುದ್ದೆ ಸಂಬಳದ್ದಲ್ಲ, ಸಂಘದ್ದು. ಆರು ವರ್ಷದ ಹಿಂದೆ ವಾರ್ಷಿಕ ಸಭೆಯಲ್ಲಿ ಅವಳು ಕಾಫಿ ತರಲು ಎದ್ದು ಹೋಗಿದ್ದಳು. ಟ್ರೇ ಹಿಡಿದು ಬರುವಷ್ಟರಲ್ಲಿ ಆಯ್ಕೆಯಾಗಿದ್ದಳು. ಅಲ್ಲಿಂದ ಮುಂದೆ ಸಾಲಾಗಿ ಐದು ಚಳಿಗಾಲ ಬರೀ ಮಳೆ. ಐಸಿಲ್ಲದ ಊರಿಗೆ ಐಸ್ ಮೇಸ್ತ್ರಿ ಎಂದು ಎಲ್ಲರೂ ಗೇಲಿ ಮಾಡಿದರು. ಒಂದು ಡಿಸೆಂಬರಿನಲ್ಲಿ ಯಾರೋ ಅವಳ ಬಾಗಿಲ ಬಳಿ ಕಾಗದ ಸುತ್ತಿದ ಉಡುಗೊರೆ ಇಟ್ಟು ಹೋಗಿದ್ದರು. ಒಳಗೆ ಫ್ರಿಜ್ಜಿನ ಐಸ್ ಟ್ರೇ ಇತ್ತು.

ಹಿಂದಿನ ಮೇಸ್ತ್ರಿ ವೊಬ್ಬೆ ಸಾಯುವ ಮುಂಚೆ ಅವಳಿಗೆ ಕಲಿಸಿದ್ದು ಹೆಚ್ಚೇನಲ್ಲ. "ದಪ್ಪ ಆಮೇಲೆ ನೋಡು. ಮೊದ್ಲು ಐಸು ನೀರಿನ ಮೇಲೆ ಕೂತಿದ್ಯಾ ನೋಡು. ತೂತಲ್ಲಿ ನೀರು ಉಕ್ಕಿದ್ರೆ ಕೂತಿದೆ ಅಂತ. ನೀರಿನ ಮೇಲೆ ಕೂತ ತೆಳು ಐಸನ್ನ ನಂಬ್ಬೋದು, ಪೊಳ್ಳು ಬಿದ್ದ ದಪ್ಪ ಐಸನ್ನ ನಂಬ್ಬಾರ್ದು." ವೊಬ್ಬೆಯ ಕಾಲದಲ್ಲಿ ಹಾಲು ಸಾಗಿಸುವವನೊಬ್ಬ ಅಂಥ ಪೊಳ್ಳಿನಲ್ಲಿ ಬಿದ್ದಿದ್ದ. ಐಸಿನ ಕೆಳಗೆ ಸರಿದವನಿಗೆ ತಾನು ಬಿದ್ದ ತೂತು ಮತ್ತೆ ಕೈಗೆ ಸಿಗುವುದಿಲ್ಲ. ಅವನನ್ನು ಎತ್ತಿದ್ದು ಐಸು ಕರಗಿದ ಮೇಲೆ. ಅಂದು ಹೂಂ ಅಂದಿದ್ದವನು ವೊಬ್ಬೆ. ಆಮೇಲೆ ಬದುಕಿರುವ ತನಕ ಅವನು ಆ ಹಾಲಿನವನ ಮನೆಯ ಮುಂದೆ ಹಾದು ಹೋಗಲಿಲ್ಲ. ಚರ್ಚಿಗೆ ಹೋಗುವಾಗಲೂ ಸುತ್ತು ಹಾಕುತ್ತಿದ್ದ.

ಈ ಸಲ ಜನವರಿಯ ನಡುವಿನಲ್ಲಿ ಮೂಡಣ ಗಾಳಿ ತಿರುಗಿ, ಕಾಲುವೆ ಬಿಗಿಯಿತು. ಊರಿಗೆ ಊರೇ ಹವಾಮಾನ ನೋಡುವವರದ್ದಾಯಿತು. ಗುರುವಾರ ಸುತ್ತು ಎಂದು ಸಂಘ ದಿನ ಗೊತ್ತುಮಾಡಿತು. ಗುರುವಾರ ರಾತ್ರಿಯಿಂದ ನೈಋತ್ಯ ಗಾಳಿ, ಮಳೆ, ಕರಗುವಿಕೆ ಎಂದು ಮುನ್ಸೂಚನೆ ಹೇಳುತ್ತಿತ್ತು. ಶಾಲೆಗೆ ಐಸ್ ರಜೆ ಎಂದು ಹೇಳಿಯಾಯಿತು. ಲೋಲ್ಕೆಯ ಬೇಕರಿಯ ಹಿಂದೆ ಬಟಾಣಿ ಸೂಪಿನ ಹಂಡೆಗಳು ಸಾಲಾಗಿ ಕುಳಿತವು. ಸ್ಕೇಟು ಕಾಲಿನಲ್ಲಿದ್ದಂತೆಯೇ ಜನ ರಸ್ತೆ ದಾಟಬೇಕಾದ ಕಡೆ ಹಾಸಲು ಹಳೆಯ ಜಮಖಾನೆಗಳನ್ನು ಮನೆಮನೆಯಿಂದ ಎತ್ತಿ ತರುವ ಕೆಲಸ ಹಿಸ್ಕೆಯ ನಾದಿನಿ ಗಾಟ್ಸ್ಕೆಯದು. ಅವಳಿಗೆ ಊರಾಚೆಯ ತಗ್ಗಿನಲ್ಲಿ ಹಸು ಸಾಕಣೆ.

ಮಧ್ಯಾಹ್ನ ಊಟಕ್ಕೆ ಗಂಡ ಸೀಬ್ರನ್ ಬಂದ. ತಗ್ಗು ಹುಲ್ಲುಗಾವಲಿನ ಕಾಲುವೆಗಳ ನೀರನ್ನು ಎತ್ತಿ ಮೇಲ್ಗಾಲುವೆಗೆ ಹಾಕುವ ಪಂಪ್ ಮನೆಯನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುವವನು. ಚಳಿ ಬಿಗಿದಾಗ ಪಂಪು ನಿಲ್ಲಿಸುತ್ತಾರೆ, ಐಸು ಕೂರಲಿ ಅಂತ. ಮತ್ತೆ ಓಡಿಸುವ ಮೊದಲು ಐಸ್ ಮೇಸ್ತ್ರಿಗೆ ಒಂದು ಮಾತು ಹೇಳುವುದು ಊರಿನ ರೂಢಿ. ಎಲ್ಲೂ ಬರೆದಿಟ್ಟದ್ದಲ್ಲ. ಪಂಪಿನವನೂ ಮೇಸ್ತ್ರಿಯೂ ಒಂದೇ ಮನೆಯಲ್ಲಿ ಉಣ್ಣುವಾಗ ಅದನ್ನು ನೆನಪಿಸುವವರೂ ಇರಲಿಲ್ಲ.

"ಮಳೆ ಮುಂದಕ್ಕೆ ಬಂದಿದೆ," ಅಂದ ಸೀಬ್ರನ್, ರೈ ಬ್ರೆಡ್ಡಿನ ಮೇಲೆ ಬೇಕನ್ ಹರಡುತ್ತ.

"ಎಷ್ಟು?"

"ನಾಳೆ ರಾತ್ರಿ ಅಂತಿದ್ದಿದ್ದು ಈಗ ನಾಳೆ ಮಧ್ಯಾಹ್ನ ಅಂತಿದೆ. ಸಣ್ಣ ಮಳೆ ಅಲ್ಲ."

"ಲೋಲ್ಕೆ ಫೋನಲ್ಲಿ ಇನ್ನೂ ರಾತ್ರಿ ಅಂತಾನೇ ಇದೆ."

"ಲೋಲ್ಕೆ ಫೋನಲ್ಲಿ ಯಾವಾಗ್ಲೂ ಲೋಲ್ಕೆಗೆ ಬೇಕಾದ್ದೇ ಇರುತ್ತೆ."

ಹಿಸ್ಕೆ ನಕ್ಕಳು. ನಿಜವೂ ಹೌದು. ಆ ವಾರ ಊರಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಮೂಗಿನ ನೇರಕ್ಕೆ ಹವಾಮಾನ ಓದುತ್ತಿದ್ದರು. "ಬೆಳಕು ಹರಿಯೋಕೆ ಮುಂಚೆ ಬಿಟ್ರೆ ಮಧ್ಯಾಹ್ನಕ್ಕೆ ಎಲ್ರೂ ವಾಪಸ್ ಬಂದಿರ್ತಾರೆ," ಅಂದಳು.

"ಹಾಗಾದ್ರೆ ಹಸಿರು ಬಾವುಟಾನೇ?"

"ಹಸಿರು ಅಂತಾನೇ ಅಂದ್ಕೊಂಡಿದೀನಿ. ಯಾಕೆ?"

"ಸುಮ್ನೆ ಕೇಳ್ದೆ," ಅಂದವನು ತಟ್ಟೆ ಸರಿಸಿ ಎದ್ದ. ಕಾಫಿ ಸೋಸುತ್ತಿದ್ದ ಹಿಸ್ಕೆ ತಿರುಗುವಷ್ಟರಲ್ಲಿ ಹಿತ್ತಿಲ ಬಾಗಿಲು ಮುಚ್ಚಿತ್ತು. ಅವನು ಹಿಂದೆಂದೂ ಕಾಫಿ ಬಿಟ್ಟು ಎದ್ದದ್ದು ಅವಳಿಗೆ ನೆನಪಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಅವಳು ಕೊನೆಯ ಸಲ ನೋಡಿ ಬರಲು ತಗ್ಗಿನ ಕಾಲುವೆಯ ದಂಡೆ ಹಿಡಿದಳು. ಜೊಂಡಿನ ಬುಡದಲ್ಲಿ ಬೆಳಿಗ್ಗೆ ಇರದಿದ್ದ ಒಂದು ಬಿಳಿ ಗೆರೆ, ಯಾರೋ ಸುಣ್ಣದಲ್ಲಿ ಎಳೆದ ಹಾಗೆ, ಕಾಲುವೆಯುದ್ದಕ್ಕೂ ಓಡಿತ್ತು. ಕೋಲಿನಿಂದ ಐಸು ತಟ್ಟಿದಳು. ಬೆಳಿಗ್ಗೆ ಅದು ನೆಲ ತಟ್ಟಿದ ಹಾಗೆ ಮಂಕಾಗಿ ಸದ್ದು ಕೊಟ್ಟಿತ್ತು. ಈಗ ಖಾಲಿ ಹಾಲಿನ ಕ್ಯಾನು ತಟ್ಟಿದ ಹಾಗೆ ಮೊಳಗಿತು. ದಡದಿಂದ ಮುಂದೆ ಹೆಜ್ಜೆಯಿಡದೆ, ಹೊಟ್ಟೆಯ ಮೇಲೆ ಮಲಗಿ, ಕೈ ಚಾಚಿ ಬೈರಿಗೆ ತಿರುಗಿಸಿದಳು.

ಬೈರಿಗೆ ಕೆಳಕ್ಕೆ ಜಾರಿತು. ನೀರು ಬರಲಿಲ್ಲ.

ಕಾದಳು. ಕೈಗವಸು ತೆಗೆದು ತೂತಿನ ಮೇಲೆ ಅಂಗೈ ಹಿಡಿದಳು. ಒಳಗಿನಿಂದ ತಣ್ಣನೆಯ ಗಾಳಿ ಉಸಿರಿನ ಹಾಗೆ ಬಂದು ತಾಗಿತು. ಬಗ್ಗಿ ನೋಡಿದರೆ ಗೇಣು ಕೆಳಗೆ ಕಪ್ಪು ನೀರು. ಐಸು ನೀರಿನ ಮೇಲಿರಲಿಲ್ಲ. ಎರಡು ದಡಗಳಿಗೆ ಆತುಕೊಂಡು ಹಳೇ ಮನೆಯ ಮಾಳಿಗೆಯ ಹಾಗೆ ತೂಗಿಕೊಂಡಿತ್ತು. ದಪ್ಪ ಅಳೆದಳು. ಹದಿನಾಲ್ಕು. ಬೆಳಿಗ್ಗೆಗಿಂತ ಒಂದು ಹೆಚ್ಚು.

ಗಾಳಿ ಒಂದು ಕ್ಷಣ ನಿಂತಾಗ ಪಂಪ್ ಮನೆಯ ಗುಂಯ್ ಎನ್ನುವ ಸದ್ದು ಹುಲ್ಲುಗಾವಲಿನ ಆಚೆಯಿಂದ ಕೇಳಿಸಿತು.

ಸೀಬ್ರನ್ ಪಂಪ್ ಮನೆಯ ಬಾಗಿಲಲ್ಲೇ ನಿಂತಿದ್ದ, ಅವಳು ಬರುವುದನ್ನು ದೂರದಿಂದಲೇ ನೋಡಿದವನ ಹಾಗೆ.

"ಯಾವಾಗ ಹಾಕ್ದೆ?"

"ಹತ್ತು ಗಂಟೆಗೆ. ನೀರಿನ ಇಲಾಖೆ ಆಫೀಸಿಂದ ಫೋನ್ ಬಂತು. ಮಳೆ ಮುಂದಕ್ಕೆ ಬಂದಿದೆ, ಮಳೆ ನೀರಿಗೆ ಜಾಗ ಮಾಡ್ಕೋ, ಉಳಿದದ್ದು ನಿಂಗೇ ಬಿಟ್ಟಿದ್ದು ಅಂದ್ರು."

"ಊಟಕ್ಕೆ ಕೂತಾಗ ಹೇಳ್ಬೋದಿತ್ತಲ್ಲ."

"ಹೇಳೋಣ ಅಂತಾನೇ ಬಂದೆ. ನೀನು ಹಸಿರು ಅಂದೆ." ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಒಂದು ಗೇಣು ಇಳಿಸಿದ್ರೆ ಐಸೂ ಜೊತೇಲೇ ಇಳಿಯುತ್ತೆ ಅಂದ್ಕೊಂಡೆ ಹಿಸ್ಕೆ. ಕೆರೇಲಿ ಇಳಿಯುತ್ತಲ್ಲ."

"ಕೆರೆಗೆ ದಡ ದೂರ. ಕಾಲುವೇಲಿ ದಡ ಹಿಡ್ಕೊಂಡ್ಬಿಡುತ್ತೆ. ಇಪ್ಪತ್ತು ವರ್ಷ ಇಲ್ಲೇ ಇದ್ದೀಯ, ಇದು ಗೊತ್ತಿಲ್ವಾ ನಿಂಗೆ?"

"ಐಸಿದ್ದ ವರ್ಷ ಎಷ್ಟು ಅದ್ರಲ್ಲಿ?" ಅಂದ. "ಹೋದ ಸಲ ಕರಗಿದಾಗ ಗಾಟ್ಸ್ಕೆ ಕೊಟ್ಟಿಗೇಲಿ ನೀರು ಮೊಣಕಾಲ ತನಕ ಬಂತು. ರಾತ್ರಿಯೆಲ್ಲ ಕರು ಎತ್ತಿ ಎತ್ತಿ ಗಾಡಿಗೆ ಹಾಕಿದ್ವಿ. ಈಗ ಇಪ್ಪತ್ತು ಕರು ಇದಾವೆ ಅವ್ಳ ಹತ್ರ. ನಾನೇನ್ ಮಾಡ್ಲಿ ಹೇಳು."

ಹಿಸ್ಕೆ ಹುಲ್ಲುಗಾವಲಿನ ಆಚೆ ನಾದಿನಿಯ ಕೊಟ್ಟಿಗೆಯತ್ತ ನೋಡಿದಳು.

"ತೂಬು ಎತ್ತಿದ್ರೆ ಮೇಲ್ಗಾಲುವೆ ನೀರು ವಾಪಸ್ ಬರುತ್ತೆ," ಅಂದ ಅವನು ತಗ್ಗಿದ ದನಿಯಲ್ಲಿ. "ಬೆಳಗಾಗೋದ್ರೊಳಗೆ ಐಸಿಗೆ ಮುಟ್ಟುತ್ತೆ. ನೀನು ಎತ್ತು ಅಂದ್ರೆ ಎತ್ತುತೀನಿ. ಯಾರಿಗೂ ಗೊತ್ತಾಗಲ್ಲ."

"ನಾಳೆ ಮಧ್ಯಾಹ್ನ ಮಳೆ ಬಂದ್ರೆ?"

"ತುಂಬಿದ ಕಾಲುವೆಗೆ ಮಳೆ ಬಿದ್ರೆ ಈ ಪಂಪಿಗೆ ತಡಿಯೋಕಾಗಲ್ಲ. ಅದೂ ನಿಂಗೆ ಗೊತ್ತು."

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅವಳು ಸೈಕಲ್ ಹತ್ತಿದಳು.

ಸನ್ಯಾಸಿ ಸೇತುವೆಯ ಎರಡೂ ಬದಿ ಜನ. ಮಕ್ಕಳು ಸ್ಕೇಟುಗಳನ್ನು ಕೊರಳಿಗೆ ನೇತುಹಾಕಿಕೊಂಡು ಬಂದಿದ್ದರು. ಊರಿನ ಬ್ಯಾಂಡಿನ ಇಬ್ಬರು ತುತ್ತೂರಿ ಹಿಡಿದು ತುಟಿ ಬಿಸಿ ಮಾಡಿಕೊಳ್ಳುತ್ತಿದ್ದರು. ಹಿಸ್ಕೆಯ ಕೋಟಿನ ಒಂದು ಜೇಬಿನಲ್ಲಿ ಹಸಿರು ಬಾವುಟ, ಇನ್ನೊಂದರಲ್ಲಿ ಕೆಂಪು. ಯಾವುದು ಬರುತ್ತದೆಂದು ಯಾರೂ ಕೇಳುತ್ತಿರಲಿಲ್ಲ.

ಬಾವುಟ ಏರುವ ಮೊದಲು ಸಂಘದ ಸಮಿತಿಯವರು ಊರೆದುರಿಗೆ ಐಸಿನ ಮೇಲೆ ಸಾಲಾಗಿ ನಡೆಯಬೇಕು, ಭಾರದವರು ಮುಂದೆ. ಸ್ಕೇರ್ಡಮಿನಲ್ಲಿ ಅಧ್ಯಕ್ಷರನ್ನು ತಕ್ಕಡಿಯಲ್ಲಿ ತೂಗಿ ಆರಿಸುತ್ತಾರೆಂದು ಪಕ್ಕದ ಊರಿನವರು ಆಡಿಕೊಳ್ಳುತ್ತಾರೆ. ಲೋಲ್ಕೆ ಆಗಲೇ ದಡದ ಮೆಟ್ಟಿಲಿಳಿದು, ಬೂಟಿನ ಲೇಸು ಬಿಗಿದು ನಿಂತಿದ್ದ.

"ಬಂದ್ಲು ನೋಡಿ ಮಹಾರಾಣಿ! ಬೇಗ ಮೇಸ್ತ್ರಿ, ಸೂಪು ತಳ ಹಿಡೀತಿದೆ."

"ಇಳೀಬೇಡ ಲೋಲ್ಕೆ."

"ಏನು?"

"ಇವತ್ತು ಬೇಡ. ತಗ್ಗಿನ ಕಾಲುವೆ ಪೊಳ್ಳು ಬಿದ್ದಿದೆ. ಇದೂ ಅದಕ್ಕೇ ಸೇರಿದ್ದು."

ಲೋಲ್ಕೆ ನಕ್ಕ, ಊರಿಗೆ ಕೇಳುವ ಹಾಗೆ. "ಈಗ ತಾನೆ ನಾನೇ ಬೈರಿಗೆ ಹಾಕಿ ನೋಡಿದೀನಮ್ಮ. ಹದಿನಾಲ್ಕಿದೆ!"

"ನೀರು ಬಂತಾ?"

"ಎಲ್ಲಿ?"

"ತೂತಲ್ಲಿ. ನೀರು ಮೇಲೆ ಬಂತಾ ಅಂತ ಕೇಳ್ದೆ."

ಲೋಲ್ಕೆ ತೂತಿನತ್ತ ತಿರುಗಿ ನೋಡಿದ. ಸಂಜೆಯ ಬಿಸಿಲು ಅವನು ಕೊರೆದ ತೂತಿನ ಪಕ್ಕದ ಬಿಳಿ ಪುಡಿಯ ಮೇಲೆ ಬಿದ್ದಿತ್ತು. ಪುಡಿ ಒಣಗಿತ್ತು, ಹಿಟ್ಟಿನ ಹಾಗೆ. ಸೇತುವೆಯ ಮೇಲಿದ್ದ ವಯಸ್ಸಾದವರು ಒಬ್ಬೊಬ್ಬರಾಗಿ ಕಟಾಂಜನದಿಂದ ಬಗ್ಗಿ ಅದನ್ನು ನೋಡಿದರು. ತುತ್ತೂರಿಯವರು ತುತ್ತೂರಿ ಇಳಿಸಿದರು.

"ಪಂಪು ಹಾಕಿದ್ದು ಯಾರು?" ಹಿಂದಿನಿಂದ ಒಂದು ಗಂಡಸಿನ ದನಿ. ಕೇಳಿದವನಿಗೂ ಉತ್ತರ ಗೊತ್ತಿತ್ತು.

"ಸೀಬ್ರನ್," ಅಂದಳು ಹಿಸ್ಕೆ. "ಮಳೆ ಮುಂದಕ್ಕೆ ಬಂದಿದೆ ಅಂತ ಹಾಕಿದ. ನಂಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅಷ್ಟೇ ಆಗಿದ್ದು."

"ಗಂಡನಿಗೆ ಪಂಪು, ಹೆಂಡ್ತಿಗೆ ಐಸು, ಊರಿಗೆ ಚಿಪ್ಪು!" ಯಾರೋ ಅಂದರು. ಕೆಲವರು ನಕ್ಕರು. ನಗು ಬೇಗ ನಿಂತಿತು.

"ಹಾಕಿದ್ರೆ ಹಾಕ್ಲಿ," ಲೋಲ್ಕೆಯ ಮುಖ ಕೆಂಪೇರಿತ್ತು. "ತೂಬು ಎತ್ಸು! ನೀರು ವಾಪಸ್ ಬರುತ್ತೆ. ಹನ್ನೆರಡು ವರ್ಷ ಕಾದಿದೀವಿ. ನಿನ್ನ ನಾದಿನಿ ನಾಲ್ಕು ಕರು ಕಾಲು ನೆನೆಯುತ್ತೆ ಅಂತ..."

"ನನ್ನ ಕರು ವಿಷ್ಯ ನಾನು ಮಾತಾಡ್ತೀನಿ." ಗಾಟ್ಸ್ಕೆ ಹೆಗಲ ಮೇಲೆ ಸುರುಳಿ ಸುತ್ತಿದ ಜಮಖಾನೆ ಹೊತ್ತುಕೊಂಡೇ ಮುಂದೆ ಬಂದಳು. ಹಿಸ್ಕೆಯತ್ತ ತಿರುಗಿ, "ಎತ್ಸಿ ಅತ್ತಿಗೆ. ಕರುಗಳನ್ನ ಇವತ್ತೇ ಸಾಗಿಸ್ತೀನಿ, ಎಲ್ಲಾದ್ರೂ ಕಟ್ಟಿ ಹಾಕ್ತೀನಿ. ನನ್ನ ಮಗ್ಳು ಒಂದ್ಸಲನೂ ಸುತ್ತು ನೋಡಿಲ್ಲ," ಅಂದಳು.

ಅವಳು ಹಾಗೆ ಅನ್ನಬಹುದೆಂದು ಹಿಸ್ಕೆ ಎಣಿಸಿರಲಿಲ್ಲ. ನಾದಿನಿ ಅತ್ತು ಕರೆದು ಬೇಡವೆಂದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಈಗ ಬೇಡವೆನ್ನುವ ಮಾತು ಅವಳೊಬ್ಬಳದೇ ಆಯಿತು.

"ಇಲ್ಲ ಗಾಟ್ಸ್ಕೆ. ನಾಳೆ ಬೆಳಿಗ್ಗೆ ನೀರು ಎಲ್ಲಿ ಐಸಿಗೆ ಮುಟ್ಟಿದೆ, ಎಲ್ಲಿ ಮುಟ್ಟಿಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಐದು ಊರಿನುದ್ದಕ್ಕೂ ತೂತು ಹೊಡೀತಾ ಹೋಗ್ಲಾ? ಒಂದು ಕಡೆ ಪೊಳ್ಳು ಉಳಿದ್ರೆ ಸಾಕು. ನಿನ್ನ ಮಗ್ಳೇ ಮುಂದೆ ಹೋಗ್ತಿರ್ತಾಳೆ."

"ಇದೆಲ್ಲ ಬಾಯಿ ಮಾತು," ಅಂದ ಲೋಲ್ಕೆ. "ಅಧ್ಯಕ್ಷ ನಡೀತಾನೆ. ಐಸು ತಡ್ಕೊಂಡ್ರೆ ಸುತ್ತು, ಮುರಿದ್ರೆ ನನ್ ಕರ್ಮ." ಅವನು ಮೆಟ್ಟಿಲಿಂದ ಐಸಿನ ಮೇಲೆ ಕಾಲಿಟ್ಟ.

ಒಂದು ಹೆಜ್ಜೆ. ಎರಡು. ನಾಲ್ಕು ಹೆಜ್ಜೆ ಹೋದವನು ತಿರುಗಿ, ಎರಡೂ ಕೈ ಅಗಲಿಸಿ ಊರಿಗೆ ತೋರಿಸಿದ. ಆಗ ಸದ್ದಾಯಿತು. ಅದು ಮುರಿದ ಸದ್ದಲ್ಲ. ಅವನ ಕಾಲಡಿಯಿಂದ ಹೊರಟು, ಸೇತುವೆಯ ಕೆಳಗೆ ಹಾದು, ಕಾಲುವೆಯುದ್ದಕ್ಕೂ ದೂರ ದೂರ ಓಡಿ ಹೋದ ಒಂದು ಛಾಟಿಯ ಸದ್ದು. ಜೊಂಡಿನಲ್ಲಿದ್ದ ಬಾತುಗಳು ಎದ್ದವು. ಲೋಲ್ಕೆಯ ಸುತ್ತ ಐಸು ತಟ್ಟೆಯ ಹಾಗೆ ತುಸು ಕುಗ್ಗಿತು.

"ಅಲ್ಲಾಡ್ಬೇಡ," ಅಂದಳು ಹಿಸ್ಕೆ. ಕೂಗಲಿಲ್ಲ. "ಮಲ್ಕೋ. ಮೆಲ್ಲಗೆ. ಮೊದ್ಲು ಮಂಡಿ, ಆಮೇಲೆ ಹೊಟ್ಟೆ."

"ಹಿಸ್ಕೆ..."

"ಮಾತಾಡ್ಬೇಡ. ಕೈಕಾಲು ಅಗಲ ಮಾಡು. ಗಾಟ್ಸ್ಕೆ, ಏಣಿ!"

ಸೇತುವೆಯ ಗೋಡೆಗೆ ತಗುಲಿಸಿಟ್ಟಿದ್ದ ಸಂಘದ ಏಣಿಯನ್ನು ನಾಲ್ವರು ಇಳಿಸಿ ಐಸಿನ ಮೇಲೆ ಮಲಗಿಸಿ ತಳ್ಳಿದರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹಿಸ್ಕೆಯೇ ಅದರ ಮೇಲೆ ಹೊಟ್ಟೆಯೂರಿ ತೆವಳುತ್ತ ಮುಂದೆ ಹೋದಳು. ಹಗ್ಗದ ತುದಿ ನಾದಿನಿಯ ಕೈಯಲ್ಲಿ. ಏಣಿಯ ಕೊನೆಯ ಮೆಟ್ಟಿಲಿನ ಆಚೆ ಲೋಲ್ಕೆಯ ಬೆರಳುಗಳು. ಅವನ ಗಡ್ಡದ ಕೆಳಗೆ, ಬಿರುಕಿನಲ್ಲಿ, ಕತ್ತಲೆ ಕಾಣುತ್ತಿತ್ತು. ನೀರು ಅಲ್ಲೆಲ್ಲೋ ಕೆಳಗೆ ಸಣ್ಣಗೆ ಲೊಳಕ್ ಅನ್ನುತ್ತಿತ್ತು.

"ಹಿಡ್ಕೊಂಡ್ಯಾ?"

"ಹೂಂ."

"ಎಳೀರಿ," ಅಂದಳು, ಹಿಂದಕ್ಕೆ ನೋಡದೆ.

ಏಣಿ, ಹಿಸ್ಕೆ, ಲೋಲ್ಕೆ ಎಲ್ಲ ಒಟ್ಟಿಗೆ ದಡ ಸೇರುವ ಹೊತ್ತಿಗೆ ಅವನು ನಿಂತಿದ್ದ ಜಾಗದ ಐಸು ಬಾಗಿ ಕೆಳಗಿನ ನೀರಿಗೆ ತಾಗಿತ್ತು. ಲೋಲ್ಕೆ ಮೆಟ್ಟಿಲ ಮೇಲೆ ಕುಳಿತ. ಅಂಗಿಯ ಮೇಲೆ ಬೆಳಗಿನ ಹಿಟ್ಟು ಯಾವುದು, ಐಸಿನ ಪುಡಿ ಯಾವುದು ಗೊತ್ತಾಗುತ್ತಿರಲಿಲ್ಲ. ಹಲ್ಲು ಕಟಕಟನೆ ಬಡಿದುಕೊಂಡವು. ಗಾಟ್ಸ್ಕೆ ಹೆಗಲ ಜಮಖಾನೆ ಬಿಚ್ಚಿ ಅವನ ಮೇಲೆ ಹಾಕಿದಳು.

ಹಿಸ್ಕೆ ಎದ್ದು, ಮಂಡಿ ಕೊಡವಿ, ಸೇತುವೆಯ ಕಂಬಕ್ಕೆ ಕೆಂಪು ಬಾವುಟ ಕಟ್ಟಿದಳು.

ಗುರುವಾರ ಮಧ್ಯಾಹ್ನ ಮಳೆ ಬರಲಿಲ್ಲ. ಮೂಡಣ ಗಾಳಿ ಇನ್ನೂ ಒಂದು ದಿನ ನಿಂತಿತು. ಆಕಾಶ ತೊಳೆದಿಟ್ಟ ಹಾಗಿತ್ತು. ಜನರಿಲ್ಲದ ಕಾಲುವೆಗಳು ದಿನವಿಡೀ ಹೊಳೆದವು. ಶಾಲೆ ಎಂದಿನಂತೆ ನಡೆಯಿತು. ಮಕ್ಕಳು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತರು. ಬೇಕರಿಗೆ ಹೋದ ಹಿಸ್ಕೆಗೆ ಲೋಲ್ಕೆಯ ಹೆಂಡತಿ ಬ್ರೆಡ್ಡು ಕೊಟ್ಟಳು, ಮಾತಾಡಿಸಲಿಲ್ಲ. ಮನೆಗೆ ಬಂದಾಗ ಸೀಬ್ರನ್ ಕಾಫಿ ಮಾಡಿಟ್ಟುಕೊಂಡು ಕಾಯುತ್ತಿದ್ದ. "ಇನ್ನೂ ಬಂದಿಲ್ಲ ಮಳೆ," ಅಂದ. "ಬರುತ್ತೆ," ಅಂದಳು. ಇಬ್ಬರೂ ಕುಡಿದರು.

ಮಳೆ ಶುಕ್ರವಾರ ಬಂತು, ಬೆಳಕು ಹರಿಯುವ ಮೊದಲು, ಹೇಳಿದ್ದಕ್ಕಿಂತ ಜೋರಾಗಿ. ಪಂಪು ಭಾನುವಾರದ ತನಕ ಓಡಿತು. ಗಾಟ್ಸ್ಕೆಯ ಕೊಟ್ಟಿಗೆಯ ಹೊಸಿಲಿನ ತನಕ ನೀರು ಬಂದು ನಿಂತಿತು.

ಸಂಘದ ವಾರ್ಷಿಕ ಸಭೆ ಮಾರ್ಚಿನಲ್ಲಿ. ಐಸ್ ಮೇಸ್ತ್ರಿಯ ಹುದ್ದೆಗೆ ಈ ಸಲ ಇಬ್ಬರು ನಿಂತಿದ್ದಾರೆ: ಹಿಸ್ಕೆ, ಮತ್ತು ಲೋಲ್ಕೆಯ ತಮ್ಮ. ಕಾಫಿ ಟ್ರೇ ಹಿಡಿಯುವ ಕೆಲಸ ಬೇರೆಯವರಿಗೆ ಕೊಟ್ಟಿದ್ದಾರೆ.